ಕೂಗದ ಸೊಪ್ಪು

ಶಶಿರೇಖ ಊಜಿ ನೊಣವನ್ನು ಗಾಜಿನ ಕೊಳವೆಯೊಳಗೆ ಬಿಟ್ಟಳು. ಸ್ವಲ್ಪ ದೂರ ಹೋದ ಮೇಲೆ ಕೊಳವೆ ಎರಡಾಗಿ ಕವಲೊಡೆಯುತ್ತಿತ್ತು. ಒಂದು ಕವಲಿನ ತುದಿಯ ಜಾಡಿಯಲ್ಲಿ ಬರಿಯ ಗಾಳಿ. ಇನ್ನೊಂದರಲ್ಲಿ ಹಿಪ್ಪುನೇರಳೆ ಸೊಪ್ಪು, ಅದನ್ನು ಮೇಯುತ್ತಿದ್ದ ರೇಷ್ಮೆ ಹುಳುಗಳು. ಬೇರೆ ದಿನವಾಗಿದ್ದರೆ ನೊಣ ಕವಲಿನ ಬಳಿ ಕ್ಷಣ ನಿಂತು ಸೊಪ್ಪಿನ ಕಡೆಗೇ ನುಗ್ಗುತ್ತಿತ್ತು. ಅಂದು ಅದು ಅಲ್ಲೇ ಕೂತು ಮುಂಗಾಲುಗಳನ್ನು ಒಂದಕ್ಕೊಂದು ಉಜ್ಜಿಕೊಂಡಿತು. ಅವಳು ಅದನ್ನು ತೆಗೆದು ಇನ್ನೊಂದನ್ನು ಬಿಟ್ಟಳು. ಅದೂ ಹಾಗೆಯೇ ಮಾಡಿತು. ಸಂಜೆಯ ಹೊತ್ತಿಗೆ ಪಂಜರದ ನೊಣಗಳನ್ನೆಲ್ಲ ಬಿಟ್ಟು ನೋಡಿಯಾಯಿತು. ಒಂದಕ್ಕೂ ದಾರಿ ತಿಳಿಯಲಿಲ್ಲ.

ಶಿಡ್ಲಘಟ್ಟದ ಊರಾಚೆ ಇದ್ದ ಆ ಕೀಟಗಂಧ ಸಂಶೋಧನಾ ಕೇಂದ್ರಕ್ಕೆ ಅನಂತ ಪಡಿಯಾರರು ನಿರ್ದೇಶಕರಾಗಿದ್ದರು. ಅವರು ಬಂದು ಕೊಳವೆಯ ಮೇಲೆ ಬಾಗಿ ನೋಡಿದರು. ಆಮೇಲೆ, "ಒಂದು ನೊಣವನ್ನೂ ಕೊಲ್ಲಲಿಲ್ಲ ನಾವು" ಎಂದರು.

ಹುಳು ಕಚ್ಚಿದಾಗ ಗಿಡ ಸುಮ್ಮನಿರುವುದಿಲ್ಲ. ಹುಳುವಿನ ಎಂಜಲು ಗಾಯಕ್ಕೆ ತಾಗಿದೊಡನೆ ಎಲೆಯ ನರಗಳಲ್ಲಿ ಒಂದು ಅಲೆ ಏಳುತ್ತದೆ. ಅದು ಕಾಂಡ ದಾಟಿ ಉಳಿದ ಎಲೆಗಳಿಗೂ ಹಬ್ಬುತ್ತದೆ, ಸ್ವಲ್ಪ ಹೊತ್ತಿಗೆ ಇಡೀ ಗಿಡ ಒಂದು ಬಗೆಯ ವಾಸನೆಯನ್ನು ಗಾಳಿಗೆ ಬಿಡುತ್ತದೆ. ನಮ್ಮ ಮೂಗಿಗೆ ಅದು ಹಸಿ ಹುಲ್ಲು ಕೊಯ್ದಾಗಿನ ವಾಸನೆಯಂತೆ ಇರುತ್ತದೆ, ಅಷ್ಟೆ. ಹುಳುಗಳ ಮೈಯಲ್ಲಿ ಮೊಟ್ಟೆಯಿಟ್ಟು ಬದುಕುವ ಪುಟ್ಟ ಕಣಜಗಳಿಗೆ, ನೊಣಗಳಿಗೆ ಅದು ಕರೆ. ಅವು ಆ ಜಾಡು ಹಿಡಿದು ಬಂದು ಹುಳುವಿನ ಮೇಲೆ ಮೊಟ್ಟೆ ಇಡುತ್ತವೆ. ಮೊಟ್ಟೆಯೊಡೆದ ಮರಿ ಆ ಹುಳುವನ್ನು ತಿಂದು ದೊಡ್ಡದಾಗುತ್ತದೆ, ಗಿಡ ಉಳಿಯುತ್ತದೆ. ರೇಷ್ಮೆ ಸಾಕುವವರ ಪಾಡು ಮಾತ್ರ ತಿರುಗುಮುರುಗು. ಅವರು ಉಳಿಸಿಕೊಳ್ಳಬೇಕಾದದ್ದು ಸೊಪ್ಪನ್ನಲ್ಲ, ಸೊಪ್ಪು ತಿನ್ನುವ ಹುಳುವನ್ನು. ಊಜಿ ನೊಣ ಅದೇ ಕರೆ ಕೇಳಿ ಹುಳು ಸಾಕುವ ಮನೆಗೆ ನುಗ್ಗುತ್ತದೆ. ರೇಷ್ಮೆ ಹುಳುವಿನ ಮೈಮೇಲೆ ಒಂದು ಕಪ್ಪು ಚುಕ್ಕೆ ಕಂಡರೆ ಆ ಹುಳು ಹೋಯಿತೆಂದೇ ಲೆಕ್ಕ.

ಶಶಿರೇಖ ಕಂಡುಹಿಡಿದದ್ದು ಆ ಅಲೆಯನ್ನು ಏಳದಂತೆ ತಡೆಯುವ ಒಂದು ಆವಿ. ಹಲ್ಲು ಕೀಳುವ ಮೊದಲು ಡಾಕ್ಟರು ಒಸಡಿಗೆ ಕೊಡುವ ಸೂಜಿಮದ್ದಿನಂತೆ ಅದು ಎಲೆಯನ್ನು ಮರಗಟ್ಟಿಸುತ್ತಿತ್ತು. ಕಚ್ಚಿದರೂ ಗಿಡಕ್ಕೆ ತಿಳಿಯದು. ತಿಳಿಯದ ಮೇಲೆ ಕೂಗುವುದೂ ಇಲ್ಲ. ಆ ಆವಿ ತುಂಬಿದ ಸಣ್ಣ ಡಬ್ಬಿಯನ್ನು ತೋಟದಲ್ಲಿ ಗೂಟಕ್ಕೆ ತೂಗುಹಾಕಿದರೆ ಬಿಸಿಲೇರಿದಂತೆ ಅದು ತಾನಾಗಿ ಹೊರಬರುತ್ತಿತ್ತು. ಕೇಂದ್ರ ಅದಕ್ಕೆ 'ಶಮನ' ಎಂದು ಹೆಸರಿಟ್ಟಿತು. ಜನ ಮಂಪರು ಡಬ್ಬಿ ಅಂದರು.

ಮೊದಲ ಡಬ್ಬಿಗಳನ್ನು ತೂಗುಹಾಕಿದ್ದು ಹೂಡಿಗಾನಹಳ್ಳಿಯಲ್ಲಿ, ಅವಳ ಅಕ್ಕ ನಾಗವೇಣಿಯ ತೋಟದಲ್ಲಿ. ತಾಯಿ ತೀರಿಕೊಂಡಾಗ ಶಶಿರೇಖ ಇನ್ನೂ ಲಂಗ ತೊಡುವ ಹುಡುಗಿ. ಹೊಸದಾಗಿ ಮದುವೆಯಾಗಿದ್ದ ನಾಗವೇಣಿ ತಂಗಿಯನ್ನು ತನ್ನ ಜೊತೆಗೇ ಕರೆದುಕೊಂಡು ಬಂದಿದ್ದಳು. ಭಾವ ಬಚ್ಚಪ್ಪ ಒಂದು ದಿನವೂ ಬೇಸರ ತೋರಿಸದೆ ಆ ಹುಡುಗಿಯನ್ನು ಸ್ಕೂಲಿಗೆ, ಆಮೇಲೆ ಕಾಲೇಜಿಗೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಿಟ್ಟು ಬಂದಿದ್ದ. ಶಶಿರೇಖ ಮದುವೆಯಾಗಿರಲಿಲ್ಲ. ಕೇಂದ್ರದ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದಳು. ಮನೆ ಎಂದರೆ ಅವಳಿಗೆ ಅಕ್ಕನ ಮನೆಯೇ.

ಡಬ್ಬಿ ಹೇಗೆ ಕೆಲಸ ಮಾಡುತ್ತದೆಂದು ಅವಳು ವಿವರಿಸಿದಾಗ ಬಚ್ಚಪ್ಪ ತಲೆ ಕೆರೆದುಕೊಂಡು, "ನೊಣಾನ ಕುರುಡು ಮಾಡ್ಬುಟ್ಟೆ ಅನ್ನು" ಎಂದ.

"ಕುರುಡಲ್ಲ ಭಾವ. ಸೊಪ್ಪನ್ನೇ ಮೂಗಿ ಮಾಡಿದೀನಿ."

ಅವನು ನಕ್ಕು ಗೂಟ ಹೊಡೆಯಲು ಹೋದ.

ಬಚ್ಚಪ್ಪನ ಹುಳು ಮನೆ ತಗಡಿನ ಮಾಡಿನದು. ಕಿಟಕಿಗೆಲ್ಲ ಬಲೆ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರು ಕದಡಿದ ನೀರಿನ ತಟ್ಟೆ. ಯಾರೇ ಆಗಲಿ ಚಪ್ಪಲಿ ಹೊರಗೆ ಬಿಟ್ಟು, ಆ ನೀರಲ್ಲಿ ಕಾಲದ್ದಿಯೇ ಒಳಗೆ ಹೋಗಬೇಕು. ಹೊರಗಿನ ಸೋಂಕು ಹುಳುವಿಗೆ ತಾಗಬಾರದು. ಬಚ್ಚಪ್ಪ ದಿನಕ್ಕೆ ಎಷ್ಟೋ ಸಲ ಕಾಲದ್ದುತ್ತಿದ್ದ. ಅವನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಅಂಗಾಲು ಒಡೆದು ಬಿರುಕು ಬಿಟ್ಟಿತ್ತು. ಶಶಿರೇಖ ಒಮ್ಮೆ ಅದನ್ನು ನೋಡಿ ಉರಿಯುವುದಿಲ್ಲವೇ ಎಂದು ಕೇಳಿದ್ದಳು. ಉರಿ ಗಿರಿ ಎಲ್ಲ ಹೋಗಿ ಯಾವ ಕಾಲವಾಯಿತು, ಕೆಂಡ ತುಳಿದರೂ ತನಗೆ ಗೊತ್ತಾಗುವುದಿಲ್ಲ ಎಂದು ಅವನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ್ದ.

ಆ ಸಲದ ಬೆಳೆಯಲ್ಲಿ ಒಂದು ಹುಳುವಿನ ಮೇಲೂ ಚುಕ್ಕೆ ಬೀಳಲಿಲ್ಲ. ಹುಳುಗಳು ಮೇವು ಬಿಟ್ಟು ಹಣ್ಣಾದವು, ಚಂದ್ರಿಕೆ ಏರಿದವು, ಬಿದಿರಿನ ಆ ತಟ್ಟೆಗಳ ಮೇಲೆ ಸುತ್ತು ಸುತ್ತಾಗಿ ಗೂಡು ಕಟ್ಟಿದವು. ತೂತು ಬಿದ್ದ ಗೂಡು ಹುಡುಕಿದರೂ ಸಿಗಲಿಲ್ಲ. ನಾಗವೇಣಿ ಒಂದು ಗೂಡನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಅಂದು ರಾತ್ರಿ ಊಟಕ್ಕೆ ಕೂತಾಗ ತಂಗಿಯ ತಟ್ಟೆಗೆ ಎರಡು ಸಲ ತುಪ್ಪ ಹಾಕಿದಳು.

ಎರಡು ಬೇಸಿಗೆ ಕಳೆಯುವಷ್ಟರಲ್ಲಿ ತಾಲ್ಲೂಕಿನ ಯಾವ ತೋಟಕ್ಕೆ ಹೋದರೂ ಮಂಪರು ಡಬ್ಬಿ ತೂಗುತ್ತಿತ್ತು. ಪಕ್ಕದ ತಾಲ್ಲೂಕುಗಳಿಗೂ ಹೋಯಿತು. ಶಶಿರೇಖಳಿಗೆ ಶಾಲು ಹೊದಿಸಿದರು, ಹಾರ ಹಾಕಿದರು. ಊಜಿ ಎಂಬ ಮಾತು ಜನರ ಬಾಯಲ್ಲಿ ಕಡಿಮೆಯಾಯಿತು.

ಕೆಟ್ಟದ್ದರ ಸುಳಿವು ಬಂದದ್ದು ಒಂದು ಫೋನ್ ಮಾತಿನ ನಡುವೆ. ಮಾಗಿಯ ದಿನಗಳು. ಅವರೆಕಾಯಿ ಕಳಿಸುತ್ತೇನೆ ಅಂದಿದ್ದ ಅಕ್ಕ, ಈ ಸಲ ಕಾಯಿಗಿಂತ ಹುಳುವೇ ಜಾಸ್ತಿ, ಬಿಡಿಸುವುದಕ್ಕೇ ಬೇಜಾರು ಎಂದಳು. ಶಶಿರೇಖ ಆ ಭಾನುವಾರ ಹೂಡಿಗಾನಹಳ್ಳಿಗೆ ಹೋಗಿ ಅವರೆ ಹೊಲದಲ್ಲಿ ಕೂತಳು. ಎಲೆಗಳನ್ನು ಮಗುಚಿ ನೋಡಿದಳು. ಹಸಿರು ಹುಳುಗಳು ಕೊಬ್ಬಿ ನುಣ್ಣಗಿದ್ದವು. ಬೇರೆ ವರ್ಷಗಳಲ್ಲಿ ಅಂಥ ಹತ್ತು ಹುಳುಗಳಲ್ಲಿ ಒಂದೆರಡಾದರೂ ಬಾಡಿ ನಿಂತು, ಅವುಗಳ ಮೈಮೇಲೆ ಹತ್ತಿಯ ಚೂರಿನಂಥ ಬಿಳಿ ಗೂಡುಗಳು ಅಂಟಿರುತ್ತಿದ್ದವು. ಅವು ಕಣಜದ ಮರಿಗಳ ಗೂಡು. ಆ ದಿನ ಇಡೀ ಹೊಲದಲ್ಲಿ ಅವಳಿಗೆ ಅಂಥದ್ದು ಒಂದೂ ಸಿಗಲಿಲ್ಲ.

ಅವಳು ಒಂದು ಅವರೆ ಗಿಡವನ್ನು ಮಣ್ಣಿನ ಸಮೇತ ಕಿತ್ತು ಕೇಂದ್ರಕ್ಕೆ ತಂದಳು. ಗಿಡವನ್ನು ಗಾಜಿನ ಬುರುಡೆಯೊಳಗಿಟ್ಟು, ಅದರ ಮೇಲೆ ಹುಳು ಬಿಟ್ಟು, ಒಳಗಿನ ಗಾಳಿಯನ್ನು ಯಂತ್ರಕ್ಕೆ ಹೀರಿಸಿದಳು. ಗಾಳಿಯಲ್ಲಿ ಯಾವ ಯಾವ ವಾಸನೆ ಎಷ್ಟೆಷ್ಟಿದೆ ಎಂದು ಆ ಯಂತ್ರ ಗೆರೆ ಬರೆದು ತೋರಿಸುತ್ತದೆ. ಗಿಡ ಕೂಗಿದರೆ ಗೆರೆ ಗುಡ್ಡಗಳಂತೆ ಏಳಬೇಕು. ಪರದೆಯ ಮೇಲೆ ಗೆರೆ ನೆಟ್ಟಗೆ ಸಾಗಿತು. ಅವಳು ಕೆರೆ ಏರಿಯ ಹೊಂಗೆ ತಂದಳು, ಟೊಮ್ಯಾಟೊ ತಂದಳು, ರಾಗಿ ಹೊಲದ ಕಳೆ ತಂದಳು, ಡಬ್ಬಿಗಳಿಂದ ಬಲು ದೂರದ ಗುಡ್ಡದ ಮೇಲಿನ ಲಂಟಾನ ತಂದಳು. ಎಲ್ಲದರ ಗೆರೆಯೂ ನೆಟ್ಟಗಿತ್ತು.

ಕಾರಣ ತಿಳಿಯಲು ಬಹಳ ಹಿಡಿಯಲಿಲ್ಲ. ಎಲೆಯ ಮೇಲೆ ತೆಳುವಾದ ಮೇಣದ ಪದರವಿರುತ್ತದೆ. ಆವಿ ಅದರಲ್ಲಿ ಇಂಗಿ ಕೂರುತ್ತಿತ್ತು. ಮಧ್ಯಾಹ್ನದ ಬಿಸಿಗೆ ಮತ್ತೆ ಹೊರಬಂದು ಪಕ್ಕದ ಎಲೆಗೆ ಸೇರುತ್ತಿತ್ತು. ಅಲ್ಲಿಂದ ಮುಂದಿನದಕ್ಕೆ. ಹೀಗೆ ಒಂದೊಂದು ಎಲೆಯೂ ಒಂದು ಪುಟ್ಟ ಡಬ್ಬಿಯಾಗಿತ್ತು.

ಅವಳು ಗೆರೆಗಳನ್ನೆಲ್ಲ ಪಡಿಯಾರರ ಮೇಜಿನ ಮೇಲಿಟ್ಟಳು. ಅವರು ಕೆಟ್ಟ ಮನುಷ್ಯರಲ್ಲ. ಒಂದೊಂದನ್ನೂ ಕನ್ನಡಕ ಏರಿಸಿ ನೋಡಿದರು. ಹುಳುಗಳು ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ ಬರುವುದು ಇದ್ದದ್ದೇ, ಮುಂಗಾರು ಬಂದು ಎಲೆ ತೊಳೆದರೆ ಸರಿಹೋಗಬಹುದು, ಒಂದು ಋತು ಕಾಯೋಣ ಎಂದರು. ಡಬ್ಬಿ ನಿಲ್ಲಿಸಿದರೆ ಊಜಿ ತಿರುಗಿ ಬಂದು ಜನ ಕೇಳುವ ಪ್ರಶ್ನೆಗೆ ಯಾರು ಉತ್ತರ ಹೇಳುವುದು ಎಂದೂ ಕೇಳಿದರು. ಶಶಿರೇಖ ಗೆರೆಗಳನ್ನು ಮಡಚಿಕೊಂಡು ಹೊರಬಂದಳು. ಅವಳು ಕಾದಳು.

ಮುಂಗಾರು ಬಂತು. ಅದರ ಬೆನ್ನಿಗೇ ಕಂಬಳಿ ಹುಳು ಬಂತು.

ಮೊದಲು ಹಿಪ್ಪುನೇರಳೆ ಎಲೆಗಳ ಅಡಿಯಲ್ಲಿ ಜಾಳುಜಾಳಾದ ಬಲೆ ಕಂಡಿತು. ಆಮೇಲೆ ಎಲೆ ಹೋಗಿ ನರ ಮಾತ್ರ ಉಳಿಯಿತು. ತೋಟ ಮುಗಿದ ಮೇಲೆ ಹುಳುಗಳು ರಸ್ತೆಗಿಳಿದವು. ಅವನ್ನು ತಿಂದು ಮುಗಿಸುತ್ತಿದ್ದ ಕಣಜಗಳು ಎಲ್ಲಿಯೂ ಇರಲಿಲ್ಲ. ಮೈನಾ ಹಕ್ಕಿಗಳು ರೋಮ ಕಂಡು ಕೊಕ್ಕು ಹಿಂದೆಳೆದುಕೊಳ್ಳುತ್ತಿದ್ದವು. ಹೂಡಿಗಾನಹಳ್ಳಿಯಲ್ಲಿ ಗೋಡೆ, ಬಾವಿಕಟ್ಟೆ, ಸ್ಕೂಲಿನ ಬೆಂಚು ಎಲ್ಲ ಕಡೆ ಕಂದು ಬಣ್ಣ ಹರಿದಾಡಿತು. ಮಕ್ಕಳ ಕತ್ತು, ಕೈ ದದ್ದು ಎದ್ದು ಊದಿಕೊಂಡವು. ಸ್ಕೂಲು ಮುಚ್ಚಿದರು.

ಜನ ಅದಕ್ಕೂ ಹೊಂದಿಕೊಂಡರು. ಮಂಚದ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ಇಟ್ಟರು. ನೀರಿನ ಕೊಡಕ್ಕೆ ಎರಡು ಪದರದ ಬಟ್ಟೆ ಕಟ್ಟಿದರು. ಬಟ್ಟೆಯನ್ನು ಹೊರಗೆ ಒಣಹಾಕುವುದನ್ನು ಬಿಟ್ಟರು. ಬೆಳಗ್ಗೆ ಎದ್ದವರು ಮೊದಲು ಹೊಸಿಲು ಗುಡಿಸಿ, ಗುಡ್ಡೆ ಮಾಡಿ, ಬೆಂಕಿ ಹಚ್ಚಿ, ಆಮೇಲೆ ಮುಖ ತೊಳೆಯುತ್ತಿದ್ದರು. ಕೆಲವು ದಿನಗಳಾದ ಮೇಲೆ ಯಾರೂ ಅದರ ಬಗ್ಗೆ ಮಾತಾಡುತ್ತಲೂ ಇರಲಿಲ್ಲ. ವಿಷ ಹೊಡೆಯುವುದಕ್ಕೂ ಹೆದರಿಕೆ. ಗಾಳಿಗೆ ಒಂದು ಹನಿ ಹಾರಿ ಬಂದರೂ ಹುಳು ಮನೆಯ ರೇಷ್ಮೆ ಹುಳು ಸಾಯುತ್ತದೆ.

ಬಚ್ಚಪ್ಪನ ಹುಳುಗಳು ಆಗ ಕೊನೆಯ ಜ್ವರದ ಹತ್ತಿರವಿದ್ದವು. ರೇಷ್ಮೆ ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಅವನು ದೂರದ ತೋಟಗಳಲ್ಲಿ ಉಳಿದಿದ್ದ ಸೊಪ್ಪು ತಂದು ಹಾಕಿದ. ಬಾಗಿಲ ಸಂದಿಯಿಂದ, ಮಾಡಿನ ಸಂದಿಯಿಂದ ನುಗ್ಗುತ್ತಿದ್ದ ಕಂಬಳಿ ಹುಳುಗಳನ್ನು ಬರಿಗಾಲಲ್ಲೇ ಓಡಾಡಿ ಗುಡಿಸಿದ. ಗುಡಿಸುವುದು, ಕಾಲದ್ದುವುದು, ಒಳಗೆ ಹೋಗುವುದು, ಮತ್ತೆ ಗುಡಿಸುವುದು. ಊಟಕ್ಕೂ ಸರಿಯಾಗಿ ಬರುತ್ತಿರಲಿಲ್ಲ.

ಒಂದು ಬೆಳಗ್ಗೆ ನಾಗವೇಣಿ ಹುಳು ಮನೆಯ ನೆಲ ಒರೆಸಲು ಹೋದಳು. ಸಿಮೆಂಟಿನ ಮೇಲೆ ಗಂಡನ ಹೆಜ್ಜೆಗಳು ಮೂಡಿದ್ದವು. ಎಡಗಾಲಿನದು ಒದ್ದೆ, ಬಲಗಾಲಿನದು ಕಂದು. ಅವಳು ಬಟ್ಟೆಯಿಂದ ಉಜ್ಜಿದಳು, ಬಟ್ಟೆ ಕೆಂಪಾಯಿತು. ಕಾಲು ತೋರಿಸು ಎಂದು ಅವನನ್ನು ಕೂರಿಸಿ ನೋಡಿದರೆ, ಚಂದ್ರಿಕೆಯಿಂದ ಮುರಿದ ಬಿದಿರಿನ ಸೀಳೊಂದು ಅಂಗಾಲಿನೊಳಗೆ ಪೂರ್ತಿ ಇಳಿದಿತ್ತು. ಸುತ್ತ ಕಪ್ಪಾಗಿತ್ತು. ಯಾವಾಗ ಹೊಕ್ಕಿತೋ ಅವನಿಗೆ ಗೊತ್ತಿರಲಿಲ್ಲ. ವಾಸನೆ ಬರುತ್ತಿತ್ತು. ಅದನ್ನು ಅವರಿಬ್ಬರೂ ಕೆಲವು ದಿನಗಳಿಂದ ಸತ್ತ ಕಂಬಳಿ ಹುಳುಗಳ ವಾಸನೆ ಎಂದುಕೊಂಡಿದ್ದರು.

ಶಶಿರೇಖ ಆಸ್ಪತ್ರೆಗೆ ಬಂದಾಗ ಡಾಕ್ಟರು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಮೊಣಕಾಲಿನ ಕೆಳಗೆ ತೆಗೆಯಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ ಎಂದರು. ಅವರೂ ದಣಿದಿದ್ದರು. "ನೋವು ಅಂತ ಒಂದಿದ್ದಿದ್ರೆ ಮೊದಲನೇ ದಿನಾನೇ ಬರ್ತಿದ್ರು" ಎಂದು ಯಾರಿಗೆಂದಿಲ್ಲದೆ ಹೇಳಿ ಒಳಗೆ ಹೋದರು.

ಶಶಿರೇಖ ಅಕ್ಕನ ಪಕ್ಕ ಬೆಂಚಿನ ಮೇಲೆ ಕೂತಳು. ಅಳು ಬರಲಿಲ್ಲ. ನಾಗವೇಣಿ ಬೈಯಲಿಲ್ಲ. ನಿನ್ನ ಡಬ್ಬಿಯಿಂದ ಹೀಗಾಯಿತು ಎನ್ನಲೂ ಇಲ್ಲ. ಸೆರಗನ್ನು ಮಡಿಲಿಗೆ ಎಳೆದುಕೊಂಡು ಎದ್ದು ಎದುರಿನ ಬೆಂಚಿನ ಮೇಲೆ ಹೋಗಿ ಕೂತಳು. ಅಂದಿನಿಂದ ಅವಳು ತಂಗಿಯ ಜೊತೆ ಮಾತು ಬಿಟ್ಟಳು. ಹೇಳಬೇಕಾದದ್ದೇನಾದರೂ ಇದ್ದರೆ ಗಂಡನಿಗೆ ಹೇಳುತ್ತಿದ್ದಳು, ಅವನು ಶಶಿರೇಖಳಿಗೆ ಹೇಳುತ್ತಿದ್ದ. ಮೂವರೂ ಒಂದೇ ಕೋಣೆಯಲ್ಲಿದ್ದರೂ ಅಷ್ಟೇ.

ಆ ತಿಂಗಳುಗಳಲ್ಲಿ ಶಶಿರೇಖ ಹೊತ್ತಿಗೆ ಸರಿಯಾಗಿ ಉಂಡಳು, ಮಲಗಿದಳು, ಕೆಲಸಕ್ಕೆ ಹೋದಳು. ಒಂದು ದಿನ ಪ್ರಯೋಗಶಾಲೆಯಲ್ಲಿ ಬಿಸಿ ಗಾಜು ಹಿಡಿದು ಬೆರಳು ಸುಟ್ಟುಕೊಂಡಳು. ಬೊಬ್ಬೆ ಎದ್ದ ಬೆರಳನ್ನು ನಲ್ಲಿಯ ಕೆಳಗೆ ಹಿಡಿದು, ಬೇರೆ ಯಾರದೋ ಕೈ ನೋಡುವಂತೆ ನೋಡುತ್ತ ನಿಂತಳು. ಭಾವನ ಕಾಲು ಹೋದದ್ದಕ್ಕೆ ತನಗೆ ಏನನ್ನಿಸುತ್ತಿದೆ ಎಂದು ತನ್ನನ್ನೇ ಕೇಳಿಕೊಂಡಳು. ಏನೂ ಅನ್ನಿಸುತ್ತಿರಲಿಲ್ಲ. ಅನ್ನಿಸಬೇಕಾದ ಜಾಗದಲ್ಲಿ ಏನೋ ಹತ್ತಿ ತುರುಕಿದಂತಿತ್ತು.

ಡಬ್ಬಿಗಳನ್ನು ಇಳಿಸಲೇಬೇಕೆಂದು ಅವಳು ಈ ಸಲ ಪಡಿಯಾರರನ್ನು ಕೇಳಲಿಲ್ಲ, ಅವರಿಗೆ ಹೇಳಿದಳು. ಅವರು ತಡೆಯಲಿಲ್ಲ. ಕೇಂದ್ರದಿಂದ ಆಜ್ಞೆ ಹೊರಡಿಸುವ ಅಧಿಕಾರ ತಮಗಿಲ್ಲ, ಜನ ಒಪ್ಪಿದರೆ ಇಳಿಸಲಿ ಎಂದರು. ಹೂಡಿಗಾನಹಳ್ಳಿಯ ಹಾಲಿನ ಡೈರಿ ಮುಂದೆ ಸಭೆ ಕರೆದರು. ಸುತ್ತಲ ಊರುಗಳ ರೇಷ್ಮೆಯವರು ಬಂದರು. ಶಶಿರೇಖ ಗಿಡ ಕೂಗುವ ಬಗೆಯನ್ನು, ಕಣಜಗಳು ಬಾರದ ಬಗೆಯನ್ನು ತನಗೆ ತಿಳಿದಷ್ಟು ಸರಳವಾಗಿ ಹೇಳಿದಳು. ಕಂಬಳಿ ಹುಳು ಹೋಗಬೇಕಾದರೆ ಡಬ್ಬಿ ಹೋಗಬೇಕು, ಡಬ್ಬಿ ಹೋದರೆ ಊಜಿ ಬರುತ್ತದೆ, ಎರಡರಲ್ಲಿ ಊಜಿಯೇ ಮೇಲು ಎಂದಳು.

ಯಾರೂ ಒಪ್ಪಲಿಲ್ಲ. ಕಂಬಳಿ ಹುಳುವನ್ನು ಗುಡಿಸಬಹುದು, ಊಜಿಯನ್ನು ಗುಡಿಸಲಾಗುವುದಿಲ್ಲ ಎಂದರು. ಅಷ್ಟರಲ್ಲಿ ಆಟೋದಿಂದ ಬಚ್ಚಪ್ಪ ಇಳಿದ. ಊರುಗೋಲು ಅವನಿಗೆ ಇನ್ನೂ ಒಗ್ಗಿರಲಿಲ್ಲ. ಇಬ್ಬರು ಹಿಡಿದುಕೊಂಡರು.

"ಕಾಲಿಗೆ ಬಿದಿರು ಹೊಕ್ಕಿದ್ದು ನಂಗ್ ಗೊತ್ತಾಗ್ಲಿಲ್ಲ" ಎಂದ ಅವನು. "ಗೊತ್ತಾಗಿದ್ರೆ ಕಾಲು ಉಳೀತಿತ್ತು. ನೋವಿಲ್ಲ ಅಂತ ನಾನು ಮೆರೀತಿದ್ದೆ ಕಣ್ರಪ್ಪ. ಡಬ್ಬಿ ಇಳಿಸ್ರಿ."

ಜನ ತಲೆ ತಗ್ಗಿಸಿದರು. ಹಿಂದಿನಿಂದ ಒಬ್ಬರು, "ನಿಂದು ಸಕ್ಕರೆ ಕಾಯ್ಲೆ ಬಚ್ಚಣ್ಣ. ಗಿಡಕ್ಕೂ ಅದಕ್ಕೂ ಏನು?" ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಸಭೆ ಹಾಗೇ ಚದುರಿತು. ಬಚ್ಚಪ್ಪ ತನ್ನ ತೋಟದ ಡಬ್ಬಿಗಳನ್ನು ಇಳಿಸಿದ. ಸುತ್ತಲ ತೋಟಗಳಲ್ಲಿ ಅವು ತೂಗುತ್ತಲೇ ಇದ್ದುದರಿಂದ ಏನೂ ಬದಲಾಗಲಿಲ್ಲ.

ಬದಲಾವಣೆ ಬಂದದ್ದು ರೇಷ್ಮೆ ಹುಳುಗಳಿಂದಲೇ.

ಆ ವರ್ಷದ ಕೊನೆಯ ಬೆಳೆ. ನಾಗವೇಣಿ ಕೂಲಿಯವರನ್ನು ಇಟ್ಟುಕೊಂಡು ತಾನೇ ಹುಳು ಸಾಕುತ್ತಿದ್ದಳು. ಹುಳುಗಳು ಕೊನೆಯ ಜ್ವರ ಬಿಟ್ಟು ಎದ್ದವು. ಆ ಹೊತ್ತಿಗೆ ಅವುಗಳ ಹಸಿವು ಹೇಳತೀರದು. ಸೊಪ್ಪು ಹಾಕಿದರೆ ಮಳೆ ಬಂದ ಹಾಗೆ ಸದ್ದಾಗುತ್ತದೆ. ಅವಳು ಸೊಪ್ಪು ಹಾಕಿದಳು. ಸದ್ದಾಗಲಿಲ್ಲ. ಹುಳುಗಳು ಸೊಪ್ಪಿನ ಮೇಲೆ ಹತ್ತಿದವು, ತಲೆ ಎತ್ತಿ ಅತ್ತಿತ್ತ ಆಡಿಸಿದವು, ಹಾಗೇ ನಿಂತವು. ಸಂಜೆ ನೋಡಿದರೂ ನಿಂತಿದ್ದವು. ಎಲೆ ಹಸಿರಾಗಿಯೇ ಇತ್ತು, ಒಂದು ಕಡಿತವೂ ಇರಲಿಲ್ಲ.

ಬಚ್ಚಪ್ಪ ಫೋನ್ ಮಾಡಿದ. ಶಶಿರೇಖ ಬಂದು, ಕಾಲದ್ದಿ, ಒಳಗೆ ಹೋಗಿ ತಟ್ಟೆಗಳ ಮುಂದೆ ನಿಂತಳು. ಅವಳಿಗೆ ನೋಡಿದೊಡನೆ ಅರ್ಥವಾಯಿತು. ಕಂಬಳಿ ಹುಳು ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ರೇಷ್ಮೆ ಹುಳುವಿಗೆ ಲೋಕದಲ್ಲಿ ಇರುವುದು ಒಂದೇ ಎಲೆ, ಆ ಎಲೆಯನ್ನು ಅದು ಗುರುತು ಹಿಡಿಯುವುದು ವಾಸನೆಯಿಂದ. ವರ್ಷಗಟ್ಟಲೆ ಆವಿ ಕುಡಿದ ಸೊಪ್ಪಿನಲ್ಲಿ ಈಗ ಕೂಗಷ್ಟೇ ಅಲ್ಲ, ಗುರುತಿನ ವಾಸನೆಯೂ ಹೋಗಿತ್ತು. ಹುಳುಗಳು ಮೇವಿನ ಮೇಲೆಯೇ ನಿಂತು ಮೇವಿಗಾಗಿ ಹುಡುಕುತ್ತಿದ್ದವು.

"ಇನ್ನೇನಾದ್ರೂ ಮಾಡಕಾಯ್ತದಾ?" ಎಂದು ಬಚ್ಚಪ್ಪ ಬಾಗಿಲಲ್ಲಿ ನಿಂತು ಕೇಳಿದ.

"ಇಲ್ಲ ಭಾವ."

ಆ ವಾರದೊಳಗೆ ಊರಿನ ಎಲ್ಲ ಹುಳು ಮನೆಗಳಲ್ಲೂ ಅದೇ ಆಯಿತು. ಹಸಿರು ಸೊಪ್ಪಿನ ಮೇಲೆ ಹುಳುಗಳು ಒಣಗಿ ಕುಗ್ಗಿದವು. ಅವನ್ನು ಮಂಕರಿಗಳಲ್ಲಿ ತುಂಬಿ ಗುಂಡಿಗೆ ಸುರಿದು ಮಣ್ಣು ಮುಚ್ಚಿದರು. ಗುಂಡಿಯ ಹತ್ತಿರ ಯಾರೂ ಗೋಳಾಡಲಿಲ್ಲ. ಸುರಿದು, ಮಂಕರಿ ಕೊಡವಿ ಮನೆಗೆ ಹೋದರು. ಸಭೆಯಲ್ಲಿ ಬಚ್ಚಪ್ಪನಿಗೆ ಎದುರು ಮಾತಾಡಿದವರೇ ಮೊದಲು ಬಂದು ತಮ್ಮ ಡಬ್ಬಿಗಳನ್ನು ಡೈರಿ ಮುಂದೆ ಇಟ್ಟು ಹೋದರು. ಆಮೇಲೆ ಉಳಿದವರೂ ತಂದರು. ಪಡಿಯಾರರು ಲಾರಿ ಕಳಿಸಿದರು. ತಾಲ್ಲೂಕು ಪೂರ್ತಿ ಸುತ್ತಿ ಬಂದ ಆ ಲಾರಿಯ ಹಿಂದೆ ಅವರೇ ತಮ್ಮ ಕಾರಿನಲ್ಲಿ ಹೋಗಿ, ಊರೂರಲ್ಲೂ ಇಳಿದು, ಜನರ ಮಾತು ಕೇಳಿಸಿಕೊಂಡರು.

ಇಳಿಸಿದೊಡನೆ ಎಲ್ಲ ಸರಿಹೋಗುವಂತಿರಲಿಲ್ಲ. ಹಳೆಯ ಎಲೆಯ ಮೇಣದಲ್ಲಿ ಆವಿ ಇದ್ದೇ ಇತ್ತು. ಹಿಪ್ಪುನೇರಳೆಯನ್ನು ಬುಡಕ್ಕೆ ಕಡಿದು, ಹೊಂಗೆಯ ಕೊಂಬೆ ಸವರಿ, ಹಳೆಯ ಎಲೆಗಳನ್ನು ಹೂತರು. ಹೊಸ ಚಿಗುರು ಬರಬೇಕು. ಅದು ಕೂಗಲು ಕಲಿಯಬೇಕು, ಕೂಗಿದಾಗ ಕೇಳಲು ಯಾರಾದರೂ ಇರಬೇಕು. ಶಶಿರೇಖ ಕೇಂದ್ರದಲ್ಲಿ ಕಣಜಗಳನ್ನು ಸಾಕತೊಡಗಿದಳು. ಗುಡ್ಡದಾಚೆ, ಡಬ್ಬಿ ಹೋಗದ ಸೀಮೆಯಿಂದ ತಂದ ಕೆಲವು ಕಣಜಗಳ ಸಂತತಿ ಅದು. ಕಣಜ ಗೂಡಿನಿಂದ ಹೊರಬಂದಾಗ ಮೊದಲು ಮೂಸಿದ ವಾಸನೆಯನ್ನೇ ಮುಂದೆ ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಅವಳು ಹುಳು ಕಚ್ಚಿದ ಅವರೆ ಎಲೆಗಳ ನಡುವೆಯೇ ಅವುಗಳನ್ನು ಹುಟ್ಟಿಸಿ, ಹೊಲಗಳಲ್ಲಿ ಬಿಟ್ಟು ಬರುತ್ತಿದ್ದಳು. ಇರುವೆಗಿಂತ ಚಿಕ್ಕವು. ಶೀಸೆಯ ಬಾಯಿ ತೆರೆದರೆ ಹೊಗೆಯಂತೆ ಎದ್ದು ಕಾಣೆಯಾಗುತ್ತಿದ್ದವು. ಎಲ್ಲಿ ಹೋದವು, ಬದುಕಿದವೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ.

ಅಲ್ಲಿಯವರೆಗೆ ಕಣಜಗಳ ಕೆಲಸವನ್ನು ಜನ ಮಾಡಿದರು. ಅದನ್ನು ಯಾರೂ ಯೋಜಿಸಲಿಲ್ಲ. ಒಂದು ಬೆಳಗ್ಗೆ ನಾಗವೇಣಿ ಸೀಮೆಎಣ್ಣೆ ಬೆರೆಸಿದ ನೀರಿನ ಡಬ್ಬ ಹಿಡಿದು ಅವರೆ ಹೊಲಕ್ಕೆ ಹೋದಳು. ಒಂದೊಂದು ಎಲೆಯನ್ನೂ ಮಗುಚಿ, ಹುಳುವಿದ್ದರೆ ಕಿತ್ತು ಡಬ್ಬಕ್ಕೆ ಹಾಕತೊಡಗಿದಳು. ಮಾರನೆಯ ದಿನ ಪಕ್ಕದ ಮನೆಯವರೂ ಬಂದರು. ಆಮೇಲೆ ಅದು ಊರಿನ ರೂಢಿಯಾಯಿತು. ನೀರು ಹಿಡಿಯುವಂತೆ, ಹಾಲು ಹಾಕುವಂತೆ ಎಲೆ ಮಗುಚುವುದೂ ಬೆಳಗಿನ ಒಂದು ಕೆಲಸ. ಗಿಡ ತನಗೇನಾಗಿದೆ ಎಂದು ಹೇಳುತ್ತಿರಲಿಲ್ಲ, ಇವರೇ ಹೋಗಿ ನೋಡಬೇಕಿತ್ತು. ಮನೆಯಲ್ಲಿ ಸಂಜೆ ನಾಗವೇಣಿ ಗಂಡನ ಉಳಿದ ಕಾಲನ್ನು ಮಡಿಲಲ್ಲಿಟ್ಟುಕೊಂಡು ಬೆರಳ ಸಂದಿಗಳನ್ನು ನೋಡುತ್ತಿದ್ದಳು. ಅವನು ಟಿ.ವಿ. ನೋಡುತ್ತ ಕೂತಿರುತ್ತಿದ್ದ.

ಶಶಿರೇಖ ಪ್ರತಿದಿನ ಕೇಂದ್ರಕ್ಕೆ ಹೋಗುವ ಮೊದಲು ಹೂಡಿಗಾನಹಳ್ಳಿಗೆ ಬಂದು ಅಕ್ಕನ ಹೊಲದಲ್ಲಿ ಒಂದು ಸಾಲು ಹಿಡಿಯುತ್ತಿದ್ದಳು. ಅಕ್ಕ ಬೇಡ ಎನ್ನಲಿಲ್ಲ, ಬಾ ಎನ್ನಲೂ ಇಲ್ಲ. ಇಬ್ಬರೂ ಬೇರೆ ಬೇರೆ ಸಾಲಿನಲ್ಲಿ ಬಾಗಿ, ಮಾತಿಲ್ಲದೆ ಸಾಗುತ್ತಿದ್ದರು. ರೋಮ ತಾಗಿ ಶಶಿರೇಖಳ ಮುಂಗೈ ದದ್ದು ಎದ್ದಿರುತ್ತಿತ್ತು. ಅವಳು ಅದಕ್ಕೆ ಎಣ್ಣೆ ಹಚ್ಚಿಕೊಂಡು ಹೋಗುತ್ತಿದ್ದಳು.

ಪ್ರಯೋಗಶಾಲೆಯ ಪರದೆಯ ಮೇಲೆ ಗೆರೆ ಮೊದಲ ಸಲ ಒಂದು ಸಣ್ಣ ಉಬ್ಬು ತೋರಿದಾಗ ಪಡಿಯಾರರು ಅವಳ ಭುಜ ತಟ್ಟಿದರು. ಹೊಸದಾಗಿ ಚಿಗುರಿದ ಹಿಪ್ಪುನೇರಳೆ ಅದು. ಅವಳು ಗೆರೆಯನ್ನು ನೋಡಿದಳು, ಅಳತೆ ಸರಿಯಿದೆಯೇ ಎಂದು ಮತ್ತೊಮ್ಮೆ ಓಡಿಸಿದಳು. ಸಂತೋಷವಾಗಬೇಕಿತ್ತು ಎಂದು ಅವಳಿಗೆ ಗೊತ್ತಿತ್ತು. ಗಾಜಿನ ಬುರುಡೆ ತೊಳೆದಿಟ್ಟು ಬಾಗಿಲು ಹಾಕಿಕೊಂಡು ಕ್ವಾರ್ಟರ್ಸಿಗೆ ಹೋದಳು.

ಚಿಗುರು ಬಂದ ಮೇಲೆ ಜನ ಹೊಸ ಮೊಟ್ಟೆ ತಂದು ಹುಳು ಎಬ್ಬಿಸಿದರು. ಹುಳುಗಳು ಸೊಪ್ಪು ತಿಂದವು. ಆ ಬೆಳೆಯಲ್ಲಿ ಊಜಿಯೂ ಬಂತು. ನಾಗವೇಣಿಯ ತಟ್ಟೆಗಳಲ್ಲಿ ಚುಕ್ಕೆ ಬಿದ್ದ ಹುಳುಗಳು ಹಳೆಯ ದಿನಗಳಷ್ಟೇ ಇದ್ದವು. ಅವಳು ಅವನ್ನು ಆರಿಸಿ ಹಾಕಿದಳು, ಕಿಟಕಿಯ ಬಲೆ ಹರಿದಲ್ಲಿ ಹೊಲಿದಳು.

ಮಾಗಿ ಮತ್ತೆ ಬಂದಿತ್ತು. ಅವರೆ ಹೂ ಬಿಟ್ಟಿತ್ತು. ಒಂದು ಬೆಳಗ್ಗೆ ಇಬ್ಬರೂ ಎಂದಿನಂತೆ ಸಾಲು ಹಿಡಿದಿದ್ದರು. ಇಬ್ಬನಿಗೆ ಸೀರೆಯ ಅಂಚು ಒದ್ದೆಯಾಗಿತ್ತು. ನಾಗವೇಣಿ ಒಂದು ಎಲೆ ಮಗುಚಿ ಅಲ್ಲೇ ನಿಂತಳು. ಶಶಿರೇಖ ತಲೆ ಎತ್ತಿ ನೋಡಿದಳು. ಅಕ್ಕ ಮುಂದೆ ಸಾಗಲಿಲ್ಲ, ಎಲೆಯನ್ನು ಬಿಡಲೂ ಇಲ್ಲ.

"ಇಲ್ಲಿ ನೋಡು" ಎಂದಳು ನಾಗವೇಣಿ.

ಸುತ್ತ ಬೇರೆ ಯಾರೂ ಇರಲಿಲ್ಲ. ಶಶಿರೇಖ ಸಾಲು ದಾಟಿ ಹೋದಳು. ಎಲೆಯ ಅಡಿಯಲ್ಲಿ ಒಂದು ಹುಳು ಬಾಡಿ ನಿಂತಿತ್ತು. ಅದರ ಬೆನ್ನಿನ ಮೇಲೆ, ಪಕ್ಕದಲ್ಲಿ, ಬಿಳಿಯ ಪುಟ್ಟ ಗೂಡುಗಳು ಒತ್ತಾಗಿ ಅಂಟಿದ್ದವು.

"ಇದನ್ನ ಹುಳದ ಮೊಟ್ಟೆ ಅಂತ ಹೊಸ್ಕಾಕ್ತಿದ್ವಿ ಮುಂಚೆ" ಎಂದಳು ನಾಗವೇಣಿ. "ಸಾಯಿಸ್ಬೇಕಾ, ಬಿಡ್ಬೇಕಾ?"

"ಬಿಡಕ್ಕ."

"ನೀನು ಶೀಸೇಲಿ ತಂದು ಬಿಟ್ಟಿದ್ದಾ, ಅದಾಗ್ ಅದೇ ಬಂದಿದ್ದಾ?"

ಶಶಿರೇಖ ಬಾಗಿ ಗೂಡುಗಳನ್ನು ಹತ್ತಿರದಿಂದ ನೋಡಿದಳು. ಮುಂಗೈಯ ದದ್ದು ಉರಿಯುತ್ತಿರುವುದು ಅವಳಿಗೆ ಆಗ ಗೊತ್ತಾಯಿತು.

"ಗೊತ್ತಿಲ್ಲಕ್ಕ. ಯಾವುದಾದ್ರೂ, ಈ ಗಿಡ ಕರೆದಿದ್ದಕ್ಕೇ ಬಂದಿರೋದು."

ನಾಗವೇಣಿ ಎಲೆಯನ್ನು ಮೊದಲಿದ್ದ ಹಾಗೆಯೇ ಮಗುಚಿ ಬಿಟ್ಟಳು. ಗಿಡ ಗುರುತಿಗೆ ಇರಲೆಂದು ಅದರ ಬುಡಕ್ಕೆ ಒಂದು ಕಲ್ಲಿಟ್ಟಳು. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಡಬ್ಬವನ್ನು ತಂಗಿಯ ಕೈಗೆ ಕೊಟ್ಟಳು.

"ಇದನ್ನ ನೀನು ಹಿಡ್ಕೊ. ಈ ಸಾಲು ಇಬ್ರೂ ಸೇರಿ ಮುಗಿಸಾಣ. ಆಮೇಲೆ ಮನೆಗೆ ಬಾ, ಉಪ್ಪಿಟ್ಟು ಮಾಡಿದೀನಿ."